ಒಂದು ಮೀಟರ್ ಉದ್ದದ ಜೀವಕೋಶ

2011ರ ಅಕ್ಟೋಬರ್ 8. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್. ಕ್ರಿಕೆಟಿನ ಓಲ್ಡ್ ಟ್ರಾಫರ್ಡ್ ಅಲ್ಲ, ಫುಟ್‌ಬಾಲಿನದ್ದು. ಅಂದು ಅಲ್ಲಿ ರಗ್ಬಿ ಲೀಗ್ ಆಟದ ಗ್ರ್ಯಾಂಡ್ ಫೈನಲ್. ಲೀಡ್ಸ್ ರೈನೋಸ್ ಮತ್ತು ಸೇಂಟ್ ಹೆಲೆನ್ಸ್ ನಡುವೆ. ಬದಲಿ ಆಟಗಾರರ ಬೆಂಚಿನಿಂದ ಎದ್ದು ಬಂದ ಒಬ್ಬ ಪುಟ್ಟ ಮನುಷ್ಯನ ಕೈಗೆ ನಡುಗೆರೆಯ ಆಸುಪಾಸಿನಲ್ಲಿ ಚೆಂಡು ಸಿಗುತ್ತದೆ. ಎದುರಿಗೆ ಗೋಡೆಯಂತೆ ನಿಂತ ಸಾಲು. ಅವರಲ್ಲೊಬ್ಬನ ತೋಳು ಬೀಸಿ ಬರುತ್ತದೆ. ಪುಟ್ಟ ಮನುಷ್ಯ ಓಟ ನಿಲ್ಲಿಸದೆಯೇ ತಗ್ಗಿ, ಆ ತೋಳಿನಡಿಯಿಂದ ನುಸುಳಿ, ಮತ್ತೆ ಎದ್ದು ಓಡುತ್ತಾನೆ. ಕೊನೆಯಲ್ಲಿ ಕಾಯುತ್ತಿದ್ದ ಫುಲ್‌ಬ್ಯಾಕ್ ಒಂದು ಕಡೆಗೆ ವಾಲುವಷ್ಟರಲ್ಲಿ ಇವನು ಇನ್ನೊಂದು ಕಡೆಯಿಂದ ಹಾದುಹೋಗಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿರುತ್ತಾನೆ.

ಆ ಓಟದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಧಾನಗತಿಯಲ್ಲಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತೋಳು ತೀರಾ ಹತ್ತಿರ ಬಂದ ಮೇಲೆ ತಗ್ಗಿದ್ದರೆ ತಡವಾಗುತ್ತಿತ್ತು. ತೋಳು ಇನ್ನೂ ಬೀಸುತ್ತಿರುವಾಗಲೇ ಮೊಣಕಾಲು ಮಡಚಲು ಶುರುವಾಗಿದೆ. ಕಣ್ಣು ಕಂಡದ್ದು ಮಿದುಳಿಗೆ, ಮಿದುಳು ತೀರ್ಮಾನಿಸಿದ್ದು ಬೆನ್ನುಹುರಿಗೆ, ಬೆನ್ನುಹುರಿಯಿಂದ ತೊಡೆಗೆ. ಇಷ್ಟೂ ದಾರಿ ಕ್ರಮಿಸಿದ ಸಂದೇಶವೊಂದು ಆ ಮೊಣಕಾಲಿನಲ್ಲಿದೆ.

ಆ ಆಟಗಾರ ರಾಬ್ ಬರ್ರೋ. ಎತ್ತರ 165 ಸೆಂಟಿಮೀಟರ್, ಅಂದರೆ 5 ಅಡಿ 5 ಅಂಗುಲ. ತೂಕ 67 ಕಿಲೋ ಆಚೀಚೆ. ಅಂದು ಲೀಡ್ಸ್ 32-16ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹ್ಯಾರಿ ಸಂಡರ್ಲೆಂಡ್ ಟ್ರೋಫಿಗೆ ಮತ ಹಾಕಿದವರೆಲ್ಲ ಒಂದೇ ಹೆಸರು ಬರೆದಿದ್ದರು. ಎಂಟು ವರ್ಷಗಳ ಬಳಿಕ, ಅದೇ ಸಂದೇಶ ಸಾಗುವ ದಾರಿಯಲ್ಲಿನ ಜೀವಕೋಶಗಳು ಒಂದೊಂದಾಗಿ ಸಾಯತೊಡಗಿದ್ದವು. ಈ ಅಧ್ಯಾಯ ಆ ಆಟಗಾರನದ್ದು. ಅಷ್ಟೇ ಮಟ್ಟಿಗೆ ಆ ಜೀವಕೋಶದ್ದೂ ಹೌದು.

ರಗ್ಬಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಆಟ. ನಿಜಕ್ಕೆ ಎರಡಿವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಉತ್ತರ ಇಂಗ್ಲೆಂಡಿನಲ್ಲಿ ಈ ಆಟ ಆಡುತ್ತಿದ್ದವರಲ್ಲಿ ಗಣಿ ಕೆಲಸದವರು, ಗಿರಣಿ ಕೆಲಸದವರು ತುಂಬ ಇದ್ದರು. ಶನಿವಾರ ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಯಿತು. ಕಳೆದುಕೊಂಡ ಕೂಲಿಯನ್ನಾದರೂ ಕಟ್ಟಿಕೊಡಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಆಟಕ್ಕೆ ದುಡ್ಡು ಮುಟ್ಟಬಾರದು ಎಂದು ಆಡಳಿತದವರು ಪಟ್ಟು ಹಿಡಿದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾಗಿ ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಹಿಂದೆ ಉಳಿದದ್ದು ರಗ್ಬಿ ಯೂನಿಯನ್. ದುಡಿದು ತಿನ್ನುವವರ ನ್ಯಾಯವಾದ ಬೇಡಿಕೆಯೊಂದರಿಂದ ಒಂದು ಆಟವೇ ಹುಟ್ಟಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ಕಥೆಯಾಗಿ ಕಾಣುತ್ತದೆ.

ಕಬಡ್ಡಿ ಬಲ್ಲವರಿಗೆ ಈ ಆಟವನ್ನು ವಿವರಿಸುವುದು ಸುಲಭ. ತಂಡಕ್ಕೆ 13 ಜನ, ಆಟ 80 ನಿಮಿಷ. ಚೆಂಡು ಹಿಡಿದವನು ಮುನ್ನುಗ್ಗಬೇಕು, ಎದುರಾಳಿಗಳು ಅವನನ್ನು ಹಿಡಿದು ಕೆಡವಬೇಕು. ಈ ಹಿಡಿತಕ್ಕೆ ಟ್ಯಾಕಲ್ ಎನ್ನುತ್ತಾರೆ. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಆಟ ಮತ್ತೆ ಶುರು. ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಟ್ಯಾಕಲ್ ಆದ ಮೇಲೂ ತಡೆಯುವ ತಂಡ 10 ಮೀಟರ್ ಹಿಂದೆ ಸರಿಯಬೇಕು. ಅಂದರೆ ಎರಡೂ ಕಡೆಯವರಿಗೆ ಓಡಿ ಬಂದು ಡಿಕ್ಕಿ ಹೊಡೆಯಲು ಜಾಗ ಸಿಗುತ್ತದೆ. ಮುಂಚೂಣಿಯ ಆಟಗಾರನೊಬ್ಬ ಒಂದು ಪಂದ್ಯದಲ್ಲಿ ಮೂವತ್ತು ನಲವತ್ತು ಟ್ಯಾಕಲ್ ಮಾಡುವುದು ಸಾಮಾನ್ಯ. ಹೆಲ್ಮೆಟ್ ಇಲ್ಲ, ಲೋಹದ ಕವಚ ಇಲ್ಲ.

ಇಂಥ ಆಟಕ್ಕೆ 67 ಕಿಲೋದ ಹುಡುಗ ಬಂದರೆ ಊರವರು ಏನನ್ನುತ್ತಾರೋ ಅದನ್ನೇ ಯಾರ್ಕ್‌ಷೈರಿನವರೂ ಅಂದರು. 1982ರ ಸೆಪ್ಟೆಂಬರ್ 26ರಂದು ಪಾಂಟಿಫ್ರ್ಯಾಕ್ಟ್‌ನಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಗಳ ಸೀಮೆಯಾದ ಕ್ಯಾಸಲ್‌ಫರ್ಡಿನಲ್ಲಿ ಬೆಳೆದ ರಾಬ್ ಬಾಲ್ಯದುದ್ದಕ್ಕೂ ಕೇಳಿದ ಮಾತು ಒಂದೇ: ನೀನು ತೀರಾ ಚಿಕ್ಕವನು. ಪಕ್ಕದ ಫೆದರ್‌ಸ್ಟೋನ್ ಊರಿನ ಕ್ಲಬ್ಬಿನಲ್ಲಿ ಆಡುತ್ತ ಬೆಳೆದು, 2001ರಲ್ಲಿ ಲೀಡ್ಸ್ ರೈನೋಸ್‌ನ ಮುಖ್ಯ ತಂಡಕ್ಕೆ ಬಂದರು. ಅಷ್ಟರಲ್ಲಿ ಆಟ ಪೂರ್ಣಾವಧಿ ವೃತ್ತಿಯಾಗಿತ್ತು. 1996ರಲ್ಲಿ ಆಟದ ಅಗ್ರ ಮಟ್ಟದ ಪಂದ್ಯಾವಳಿಯಾದ ಸೂಪರ್ ಲೀಗ್ ಶುರುವಾದಂದಿನಿಂದ ಆಟಗಾರರ ಮೈ ಇನ್ನೂ ದಪ್ಪ, ಇನ್ನೂ ವೇಗ ಆಗುತ್ತ ಸಾಗಿತ್ತು.

ಲೀಡ್ಸ್ ತಂಡದ ತವರು ಹೆಡಿಂಗ್ಲೆ. ಕನ್ನಡಿಗರಿಗೆ ಆ ಹೆಸರು ಹೊಸದಲ್ಲ. 2002ರ ಆಗಸ್ಟಿನಲ್ಲಿ ಮೋಡ ಕವಿದ ಬೆಳಗಿನಲ್ಲಿ ರಾಹುಲ್ ದ್ರಾವಿಡ್ 148 ರನ್ ಕಟ್ಟಿದ ಅಂಗಳ ಅದೇ. ಅಲ್ಲಿ ಕ್ರಿಕೆಟ್ ಅಂಗಳವೂ ರಗ್ಬಿ ಅಂಗಳವೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ನಡುವೆ ಒಂದೇ ಸ್ಟ್ಯಾಂಡ್: ಒಂದು ಮುಖ ಕ್ರಿಕೆಟಿಗೆ, ಇನ್ನೊಂದು ರಗ್ಬಿಗೆ. ದ್ರಾವಿಡ್ ಆ ಇನಿಂಗ್ಸ್ ಆಡಿದ ಬೇಸಿಗೆಯಲ್ಲಿ ಗೋಡೆಯಾಚೆಯ ತಂಡದಲ್ಲಿ ಹತ್ತೊಂಬತ್ತರ ರಾಬ್ ಇದ್ದರು.

ಈಗ ಆ ಚಿಕ್ಕ ಮೈಯ ಲೆಕ್ಕ ನೋಡೋಣ. ರಾಬ್ ಅವರ ಮೈಕಟ್ಟನ್ನೇ, ಅದೇ ಅಚ್ಚಿನಲ್ಲಿ, 165 ಸೆಂಟಿಮೀಟರಿನಿಂದ 190ಕ್ಕೆ ಹಿಗ್ಗಿಸಿದೆವು ಎಂದುಕೊಳ್ಳಿ. ಎತ್ತರ ಹೆಚ್ಚಿದ್ದು ಶೇಕಡ 15. ಆದರೆ ತೂಕ ಎತ್ತರ, ಅಗಲ, ದಪ್ಪ ಮೂರರಲ್ಲೂ ಬೆಳೆಯುತ್ತದೆ. 67 ಕಿಲೋ ಇದ್ದದ್ದು 102 ಆಗುತ್ತದೆ. ಥೇಟ್ ಒಬ್ಬ ಮುಂಚೂಣಿ ಆಟಗಾರ. ಸ್ನಾಯುವಿನ ಬಲ ಮಾತ್ರ ಅದರ ಅಡ್ಡಕೊಯ್ತದ ಅಳತೆಯನ್ನು ಅವಲಂಬಿಸಿದ್ದು. ಹಗ್ಗದ ಗಟ್ಟಿತನ ಅದರ ದಪ್ಪದಲ್ಲಿದೆಯೇ ಹೊರತು ಉದ್ದದಲ್ಲಲ್ಲವಷ್ಟೆ. ಹಾಗಾಗಿ ಬಲ ಒಂದೂ ಮೂರನೇ ಒಂದು ಪಟ್ಟಾದರೆ, ಹೊರಬೇಕಾದ ಭಾರ ಒಂದೂವರೆ ಪಟ್ಟಾಗಿರುತ್ತದೆ. ಇರುವೆ ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಹೊರುವುದೂ ಆನೆ ನೆಗೆಯಲಾರದ್ದೂ ಇದೇ ಲೆಕ್ಕದಿಂದ.

ತಿರುಗುವ ಮಾತು ಬಂದರೆ ಚಿಕ್ಕವನ ಲಾಭ ಇನ್ನೂ ಹೆಚ್ಚು. ಒಂದು ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದನ್ನು ಅದರ ತೂಕದ ಜೊತೆಗೆ, ಆ ತೂಕ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದೂ ನಿರ್ಧರಿಸುತ್ತದೆ. ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ನಮ್ಮ 190 ಸೆಂಟಿಮೀಟರಿನ ಮನುಷ್ಯ ತನ್ನನ್ನು ತಾನು ತಿರುಗಿಸಿಕೊಳ್ಳಲು ಎದುರಿಸಬೇಕಾದ ಜಡತ್ವ ರಾಬ್ ಅವರದಕ್ಕಿಂತ ಎರಡು ಪಟ್ಟು. ಅವನ ಸ್ನಾಯು ಮತ್ತು ಮೂಳೆಯ ಸನ್ನೆ ಕೊಡಬಲ್ಲ ತಿರುಚುಬಲ ಒಂದೂವರೆ ಪಟ್ಟು ಮಾತ್ರ. ಒಟ್ಟಾರೆ ಒಂದೇ ಅಚ್ಚಿನ ಇಬ್ಬರಲ್ಲಿ ಚಿಕ್ಕವನು ಸುಮಾರು ಮೂರನೇ ಒಂದು ಪಾಲು ಹೆಚ್ಚು ಚುರುಕಾಗಿ ದಿಕ್ಕು ಬದಲಿಸಬಲ್ಲ. ಓಲ್ಡ್ ಟ್ರಾಫರ್ಡಿನಲ್ಲಿ ಫುಲ್‌ಬ್ಯಾಕ್ ಒಂದು ಕಡೆಗೆ ವಾಲಿ ಮತ್ತೆ ಇತ್ತ ತಿರುಗುವಷ್ಟರಲ್ಲಿ ಆಗಿಹೋದದ್ದು ಇದೇ.

ಚಿಕ್ಕ ಮೈಯಲ್ಲಿ ಸಂದೇಶಕ್ಕೆ ದಾರಿಯೂ ಚಿಕ್ಕದು, ಅದಕ್ಕೇ ಪ್ರತಿಕ್ರಿಯೆ ಬೇಗ ಎಂದು ಕೆಲವರು ಹೇಳುವುದುಂಟು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಸ್ನಾಯುವಿಗೆ ಹೋಗುವ ದಪ್ಪ ನರದಲ್ಲಿ ಸಂದೇಶ ಸೆಕೆಂಡಿಗೆ 50-60 ಮೀಟರ್ ವೇಗದಲ್ಲಿ ಓಡುತ್ತದೆ. 25 ಸೆಂಟಿಮೀಟರ್ ಉಳಿಸಿದರೆ ಸಿಗುವುದು ನಾಲ್ಕೈದು ಮಿಲಿಸೆಕೆಂಡು. ಕಣ್ಣು ಕಂಡು ಕಾಲು ಹಂದಾಡಲು ಒಟ್ಟು ಬೇಕಾಗುವ 200 ಮಿಲಿಸೆಕೆಂಡಿನಲ್ಲಿ ಅದು ಎಲ್ಲಿಗೂ ಸಾಲದು. ಹೆಚ್ಚಿನ ಹೊತ್ತು ಹೋಗುವುದು ಮಿದುಳಿನೊಳಗಿನ ತೀರ್ಮಾನಕ್ಕೆ. ಎದುರಾಳಿಯ ಭುಜ ಯಾವ ಕಡೆ ಬಾಗಿದೆ, ತೂಕ ಯಾವ ಕಾಲಿನ ಮೇಲಿದೆ ಎಂಬುದನ್ನು ಓದಿ, ತೋಳು ಬರುವ ಮೊದಲೇ ಬರುತ್ತದೆಂದು ತಿಳಿಯುವುದರಲ್ಲಿ ಇದೆ ಕೈಚಳಕ. ವರ್ಷಗಟ್ಟಲೆ ಸಾವಿರಾರು ಸಲ ಡಿಕ್ಕಿ ಹೊಡೆಸಿಕೊಂಡು ಕಲಿತ ಓದು ಅದು. ಎತ್ತರ ಕೊಟ್ಟದ್ದಲ್ಲ.

ಹೀಗೆ 16 ವರ್ಷಕ್ಕೂ ಮೇಲೆ, ಒಂದೇ ಕ್ಲಬ್ಬಿಗೆ, 492 ಪಂದ್ಯ. ಎಂಟು ಗ್ರ್ಯಾಂಡ್ ಫೈನಲ್ ಗೆಲುವು: 2004, 2007, 2008, 2009, 2011, 2012, 2015, 2017. ಹ್ಯಾರಿ ಸಂಡರ್ಲೆಂಡ್ ಟ್ರೋಫಿ ಎರಡು ಬಾರಿ. ಇಂಗ್ಲೆಂಡ್ ಮತ್ತು ಗ್ರೇಟ್ ಬ್ರಿಟನ್ ತಂಡಗಳಲ್ಲೂ ಆಟ. ಬೆನ್ನ ಮೇಲಿನ ಅಂಕಿ 7. ಕೊನೆಯ ಪಂದ್ಯ 2017ರ ಗ್ರ್ಯಾಂಡ್ ಫೈನಲ್ಲೇ; ಎದುರಾಳಿ, ತಾವು ಬೆಳೆದ ಕ್ಯಾಸಲ್‌ಫರ್ಡ್. ಗೆದ್ದು ಬೂಟು ಬಿಚ್ಚಿಟ್ಟು, ಅದೇ ಕ್ಲಬ್ಬಿನ ಕಿರಿಯರಿಗೆ ಕೋಚ್ ಆದರು.

2019ರಲ್ಲಿ ಅವರ ಮಾತು ತೊದಲತೊಡಗಿತು. ಸಮಾರಂಭವೊಂದರಲ್ಲಿ ಮಾತಾಡುವಾಗ ಪದ ನಾಲಿಗೆಯ ಮೇಲೆ ಜಾರಿತು, ಜೊತೆಯಲ್ಲಿದ್ದವರು ಗಮನಿಸಿದರು. ಆ ವರ್ಷ ಡಿಸೆಂಬರಿನಲ್ಲಿ, 37ನೇ ವಯಸ್ಸಿನಲ್ಲಿ, ವೈದ್ಯರು ಹೆಸರು ಹೇಳಿದರು: ಮೋಟಾರ್ ನ್ಯೂರಾನ್ ಕಾಯಿಲೆ. ಫ್ರಾನ್ಸಿನ ವೈದ್ಯ ಶಾರ್ಕೊ 1869ರಲ್ಲಿ ವಿವರಿಸಿದ್ದು ಇದನ್ನೇ. ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ 1941ರಲ್ಲಿ ತೀರಿಕೊಂಡದ್ದು ಇದರಿಂದಲೇ. ಸ್ಟೀಫನ್ ಹಾಕಿಂಗ್ ಇಪ್ಪತ್ತೊಂದನೇ ವಯಸ್ಸಿನಿಂದ ಹೊತ್ತು ಬದುಕಿದ್ದೂ ಇದನ್ನೇ. ಹಾಕಿಂಗ್ ಬದುಕಿದಷ್ಟು ಕಾಲ ಬದುಕುವವರು ತೀರಾ ಅಪರೂಪ. ರೋಗ ಪತ್ತೆಯಾದ ಮೇಲೆ ಎರಡು ವರ್ಷದೊಳಗೆ ಅರ್ಧಕ್ಕೂ ಹೆಚ್ಚು ಜನ ಹೋಗಿಬಿಡುತ್ತಾರೆ.

ಮೋಟಾರ್ ನ್ಯೂರಾನ್ ಎಂದರೆ ಚಲನೆಯ ನರಕೋಶ. ಮಿದುಳಿನ ಆಜ್ಞೆ ಕಾಲಿಗೆ ತಲುಪಲು, ಸ್ಥೂಲವಾಗಿ ಹೇಳುವುದಾದರೆ, ಎರಡೇ ಕೊಂಡಿ ಸಾಕು. ಮೊದಲನೆಯ ಕೋಶ ಮಿದುಳಿನ ಹೊರಪದರದಲ್ಲಿ ಕೂತು ತನ್ನ ಎಳೆಯನ್ನು ಬೆನ್ನುಹುರಿಗೆ ಇಳಿಬಿಟ್ಟಿರುತ್ತದೆ. ಎರಡನೆಯದು ಬೆನ್ನುಹುರಿಯಲ್ಲಿ ಕೂತು ತನ್ನ ಎಳೆಯನ್ನು ಸ್ನಾಯುವಿನವರೆಗೆ ಚಾಚಿರುತ್ತದೆ. ಈ ಎಳೆಗೆ ಆಕ್ಸಾನ್ ಎನ್ನುತ್ತಾರೆ. ಪಾದಕ್ಕೆ ಹೋಗುವ ಆಕ್ಸಾನ್ ಸೊಂಟದ ಮೇಲಿಂದ ಹೊರಟು ಹಿಮ್ಮಡಿ ದಾಟಿ ಹೋಗಬೇಕು. ಒಂದು ಮೀಟರ್ ಉದ್ದ. ಒಂದೇ ಒಂದು ಜೀವಕೋಶ, ಒಂದು ಮೀಟರ್. ಕೋಶದ ಗುಂಡಗಿನ ಒಡಲು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಆ ಒಡಲನ್ನು ಒಂದು ತೆಂಗಿನಕಾಯಿಯಷ್ಟು ದೊಡ್ಡದು ಮಾಡಿದರೆ ಅದರ ಎಳೆ ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ.

ಆ ಉದ್ದಕ್ಕೂ ಕೋಶ ತನ್ನನ್ನು ತಾನು ಸಾಕಿಕೊಳ್ಳಬೇಕು. ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಬೆನ್ನುಹುರಿಯಲ್ಲಿರುವ ಒಡಲಿನಲ್ಲಿ. ಅಲ್ಲಿಂದ ಪುಟ್ಟ ಪೊಟ್ಟಣಗಳಾಗಿ, ಎಳೆಯೊಳಗೆ ಹಾಸಿರುವ ಹಳಿಯಂಥ ನಾಳಗಳ ಮೇಲೆ ಹೊತ್ತು ಸಾಗುವ ಅಣುಗಳಿವೆ. ಅತಿ ವೇಗದ ಸರಕು ದಿನಕ್ಕೆ 20ರಿಂದ 40 ಸೆಂಟಿಮೀಟರ್ ಸಾಗುತ್ತದೆ. ಪಾದ ಮುಟ್ಟಲು ಮೂರು ನಾಲ್ಕು ದಿನ. ನಿಧಾನದ ಸರಕು ದಿನಕ್ಕೆ ಕೆಲವೇ ಮಿಲಿಮೀಟರ್. ಇಷ್ಟು ದೂರದ ಸಾಗಣೆಯಲ್ಲಿ ಎಲ್ಲೋ ಒಂದು ಕಡೆ ದಾರಿ ಕಟ್ಟಿದರೂ ತುದಿಗೆ ಹಸಿವು. ಈ ಕಾಯಿಲೆಯಲ್ಲಿ ಕೆಡುವುದು ಒಂದೆರಡು ಸಂಗತಿಯಲ್ಲ. ನರಕೋಶದ ಬೀಜದೊಳಗೆ ಇರಬೇಕಾದ ಟಿಡಿಪಿ-43 ಎಂಬ ಪ್ರೋಟೀನ್ ಹೊರಗೆ ಬಂದು ಉಂಡೆಗಟ್ಟಿ ಕೂತಿರುವುದು ಬಹುಪಾಲು ಎಲ್ಲ ರೋಗಿಗಳಲ್ಲೂ ಕಂಡಿದೆ. ಅದು ಗೊತ್ತಾದದ್ದು 2006ರಲ್ಲಿ. ಸಾಗಣೆ ಕೆಡುತ್ತದೆ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಸೊರಗುತ್ತವೆ, ಕಸ ತೆಗೆಯುವ ವ್ಯವಸ್ಥೆ ತುಂಬಿ ಚೆಲ್ಲುತ್ತದೆ. ಕೊನೆಗೆ ಎಳೆಯ ತುದಿ ಸ್ನಾಯುವಿನಿಂದ ಕಳಚಿಕೊಳ್ಳುತ್ತದೆ. ಆಜ್ಞೆ ಬರದ ಸ್ನಾಯು ಸೊರಗುತ್ತದೆ.

ಸ್ನಾಯು ಒಂದೇ ಸಲಕ್ಕೆ ಕೈಬಿಡುವುದಿಲ್ಲ ಎಂಬುದು ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕಾದ ಸಂಗತಿ. ಒಂದು ನರಕೋಶ ಸತ್ತಾಗ ಅದು ನೋಡಿಕೊಳ್ಳುತ್ತಿದ್ದ ಸ್ನಾಯು ತಂತುಗಳು ಅನಾಥವಾಗುತ್ತವೆ. ಆಗ ಪಕ್ಕದ, ಇನ್ನೂ ಬದುಕಿರುವ ನರಕೋಶದ ಎಳೆ ಹೊಸ ಕವಲೊಡೆದು ಆ ಅನಾಥ ತಂತುಗಳನ್ನೂ ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ. ತನ್ನ ಮನೆಯ ಜೊತೆಗೆ ನೆರೆಮನೆಯ ಮಕ್ಕಳನ್ನೂ ಸಾಕಿದ ಹಾಗೆ. ಈ ಹೊಂದಾಣಿಕೆಯಿಂದಾಗಿ ನರಕೋಶಗಳ ಗಣನೀಯ ಪಾಲು ಸತ್ತ ಮೇಲೂ ಹೊರಗೆ ಏನೂ ಗೊತ್ತಾಗದೇ ಇರಬಹುದು. ವೈದ್ಯರು ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ ಸದ್ದನ್ನು ಸ್ಪೀಕರಿನಲ್ಲಿ ಕೇಳುವ ಪರೀಕ್ಷೆಯಿದೆ, ಇಎಂಜಿ ಎಂದು. ಆರೋಗ್ಯವಾದ ಸ್ನಾಯು ಸುಮ್ಮನಿದ್ದಾಗ ಸದ್ದಿಲ್ಲ. ಒಡೆಯನಿಲ್ಲದ ತಂತುಗಳು ಮಾತ್ರ ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ. ತಗಡಿನ ಮಾಡಿನ ಮೇಲೆ ಹನಿಮಳೆ ಬಿದ್ದಂಥ ಸದ್ದು. ಕವಲೊಡೆದು ಹೆಚ್ಚಿನ ಹೊರೆ ಹೊತ್ತ ನರಕೋಶದ ಗುರುತೂ ಅದೇ ಪರದೆಯ ಮೇಲೆ ಕಾಣುತ್ತದೆ: ಮಾಮೂಲಿಗಿಂತ ಎತ್ತರದ, ಅಗಲದ ಅಲೆ. ಹೊರೆ ಹೊತ್ತದ್ದೂ ಒಂದು ದಿನ ಸಾಯುತ್ತದೆ. ಆಗ ಒಮ್ಮೆಗೇ ಬಹಳ ಹೋಗುತ್ತದೆ.

ಎಲ್ಲ ಚಲನೆಯ ನರಕೋಶಗಳೂ ಒಂದೇ ಬಗೆಯವಲ್ಲ. ನೆಟ್ಟಗೆ ನಿಂತಿರಲು, ನಿಧಾನ ನಡೆಯಲು ಚಿಕ್ಕ ನರಕೋಶಗಳು ಸಾಕು. ಅವು ಕಡಿಮೆ ತಂತುಗಳನ್ನು ನೋಡಿಕೊಳ್ಳುತ್ತವೆ, ಹೊತ್ತುಗಟ್ಟಲೆ ದಣಿಯುವುದಿಲ್ಲ. ನೆಗೆಯಲು, ಓಟದ ಮೊದಲ ಹೆಜ್ಜೆಗೆ, ಓಡುತ್ತಲೇ ತಗ್ಗಿ ಏಳಲು ದೊಡ್ಡ ನರಕೋಶಗಳು ಬೇಕು. ಮೀನಖಂಡದಲ್ಲಿ ಅಂಥ ಒಂದೊಂದು ಕೋಶ ಸಾವಿರಕ್ಕೂ ಮಿಕ್ಕಿದ ತಂತುಗಳನ್ನು ಒಟ್ಟಿಗೆ ಎಳೆಯುತ್ತದೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ ತೋರಿಸಿಕೊಟ್ಟಂತೆ ಮೈ ಯಾವಾಗಲೂ ಚಿಕ್ಕವನ್ನು ಮೊದಲು ಕರೆಯುತ್ತದೆ; ದೊಡ್ಡವಕ್ಕೆ ಕರೆ ಬರುವುದು ತೀರಾ ಬಲ ಬೇಕಾದಾಗ, ಕೊನೆಯಲ್ಲಿ. ಮೋಟಾರ್ ನ್ಯೂರಾನ್ ಕಾಯಿಲೆಯ ಇಲಿಗಳಲ್ಲಿ ನೋಡಿದಾಗ ಮೊದಲು ಬೀಳುವುದು ಈ ದೊಡ್ಡ, ವೇಗದ, ಬೇಗ ದಣಿಯುವ ನರಕೋಶಗಳೇ. ನಿಧಾನದವು ಹೆಚ್ಚು ದಿನ ತಾಳುತ್ತವೆ. ಎಲ್ಲಕ್ಕಿಂತ ಕೊನೆಯವರೆಗೆ ತಾಳುವವುಗಳಲ್ಲಿ ಒಂದು ಗುಂಪು ಕಣ್ಣುಗುಡ್ಡೆಯನ್ನು ಹೊರಳಿಸುವ ನರಕೋಶಗಳು. ಅವು ಒಂದೊಂದೂ ಕೆಲವೇ ಕೆಲವು ತಂತುಗಳನ್ನು ನೋಡಿಕೊಳ್ಳುವಂಥವು, ಉದ್ದವೂ ಕಡಿಮೆ.

ಮೊದಲು ಬೀಳುವ ದೊಡ್ಡ ನರಕೋಶಗಳು, ಕೊನೆಯವರೆಗೆ ತಾಳುವ ಕಣ್ಣಿನ ನರಕೋಶಗಳು: ರಾಬ್ ಅವರ ಬದುಕಿನ ಮುಂದಿನ ನಾಲ್ಕೂವರೆ ವರ್ಷ ಈ ಎರಡರ ನಡುವೆ ಇದೆ.

ರೋಗ ಪತ್ತೆಯಾಗಿ ಒಂದು ತಿಂಗಳಾಗಿತ್ತು. 2020ರ ಜನವರಿ 12ರಂದು ಹೆಡಿಂಗ್ಲೆಯಲ್ಲಿ ಜೊತೆಗಾರನೊಬ್ಬನ ಗೌರವಾರ್ಥ ಪಂದ್ಯ; ಅಂಗಳ ತುಂಬಿ ತುಳುಕಿತ್ತು. ಕೊನೆಯ ಕೆಲವು ನಿಮಿಷ ಇರುವಾಗ ರಾಬ್ ಮೈದಾನಕ್ಕಿಳಿದರು. ಹಳೆಯ ತಂಡದವರೆಲ್ಲ ಸುತ್ತ ಇದ್ದರು. ಕಾಲುಗಳಲ್ಲಿ ಅಂದು ಇನ್ನೂ ಓಟವಿತ್ತು.

ಕಾಯಿಲೆ ಏಕೆ ಬಂತು? ಆಟದಿಂದಲೇ? ಓದುಗರು ಕೇಳುವ ಮೊದಲ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಗ್ಲಾಸ್ಗೊ ವಿಶ್ವವಿದ್ಯಾಲಯದ ತಂಡವೊಂದು ಸ್ಕಾಟ್ಲೆಂಡಿಗಾಗಿ ಆಡಿದ 412 ಮಾಜಿ ರಗ್ಬಿ ಯೂನಿಯನ್ ಆಟಗಾರರನ್ನು, ಅದೇ ವಯಸ್ಸಿನ, ಅದೇ ಬಗೆಯ ನೆರೆಹೊರೆಯ 1200ಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿ 2022ರಲ್ಲಿ ಫಲಿತಾಂಶ ಹೊರತಂದಿತು. ನರಗಳು ಕ್ಷಯಿಸುವ ಕಾಯಿಲೆಗಳ ಅಪಾಯ ಆಟಗಾರರಲ್ಲಿ ಸುಮಾರು ಎರಡೂವರೆ ಪಟ್ಟು. ಮೋಟಾರ್ ನ್ಯೂರಾನ್ ಕಾಯಿಲೆಯೊಂದನ್ನೇ ತೆಗೆದುಕೊಂಡರೆ ಸುಮಾರು 15 ಪಟ್ಟು. ಆ 15ನ್ನು ಕಂಡು ಎದೆ ಧಸಕ್ಕೆನ್ನುವುದು ಸಹಜ. ಆದರೆ ಕಾಯಿಲೆ ಅಪರೂಪದ್ದು. ಆ ಲೆಕ್ಕ ನಿಂತಿರುವುದು ಬೆರಳೆಣಿಕೆಯ ರೋಗಿಗಳ ಮೇಲೆ. ಇನ್ನೊಬ್ಬರು ಹೆಚ್ಚಾದರೆ ಅಥವಾ ಕಡಿಮೆಯಾದರೆ ಅಂಕಿ ಬಹಳವೇ ಬದಲಾಗುತ್ತದೆ. ದಿಕ್ಕು ನಿಜ, ಅಳತೆ ಸಡಿಲ ಎಂದು ನಾನು ಓದುತ್ತೇನೆ.

ತಲೆಗೆ ಬೀಳುವ ಪೆಟ್ಟು ಒಂದು ಅನುಮಾನ. ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ, ಗಟ್ಟಿ ಮೊಸರಿನಂಥ ಮೆತ್ತನೆಯ ವಸ್ತು. ತಲೆ ನೇರ ದಿಕ್ಕಿನಲ್ಲಿ ತಟ್ಟನೆ ನಿಂತಾಗಿನದಕ್ಕಿಂತ, ಪೆಟ್ಟು ಬಿದ್ದು ಗಿರಕ್ಕನೆ ತಿರುಗಿದಾಗ ಅದರೊಳಗಿನ ಎಳೆಗಳು ಹೆಚ್ಚು ಜಗ್ಗುತ್ತವೆ. ಬುರುಡೆ ತಿರುಗಿಬಿಟ್ಟಿರುತ್ತದೆ, ಒಳಗಿನದು ಹಿಂದೆ ಉಳಿದಿರುತ್ತದೆ. ಜ್ಞಾನ ತಪ್ಪುವ ದೊಡ್ಡ ಪೆಟ್ಟೇ ಆಗಬೇಕೆಂದಿಲ್ಲ, ಲೆಕ್ಕಕ್ಕೆ ಬಾರದ ಸಣ್ಣ ಪೆಟ್ಟುಗಳೂ ಕೂಡುತ್ತ ಹೋಗುತ್ತವೆ. ಅದಕ್ಕೇ ಈಗ ಸೂಪರ್ ಲೀಗ್ ಆಟಗಾರರ ಬಾಯಿಕವಚದಲ್ಲೇ ತಲೆಯ ಚಲನೆ ಅಳೆಯುವ ಸಾಧನ ಬಂದಿದೆ. ಕೆಲವು ಮಟ್ಟದ ಆಟದಲ್ಲಿ ಟ್ಯಾಕಲ್ ಮಾಡಬಹುದಾದ ಎತ್ತರವನ್ನೂ ಇಳಿಸಲಾಗಿದೆ. ಆಟದ ಸ್ವಾದ ಹೋಯಿತೆಂದು ಗೊಣಗಿದವರಿದ್ದಾರೆ. ಇಳಿಸಿದ್ದು ಸರಿಯಾಯಿತು ಎಂದೇ ನನ್ನ ಮಾತು.

ಇನ್ನೊಂದು ಅನುಮಾನ ದುಡಿತದ್ದು. ಷೆಫೀಲ್ಡಿನ ವಿಜ್ಞಾನಿಗಳು 2021ರಲ್ಲಿ ಹೇಳಿದ್ದು ಇದು: ಮೈ ಮುರಿಯುವಂಥ ವ್ಯಾಯಾಮವನ್ನು ಪದೇ ಪದೇ ಮಾಡುವುದು, ಜೀನುಗಳಲ್ಲಿ ಮೊದಲೇ ಒಲವಿರುವ ಕೆಲವರಲ್ಲಿ, ಈ ಕಾಯಿಲೆಗೆ ಇಂಬು ಕೊಡಬಹುದು. ಎಲ್ಲರಲ್ಲೂ ಅಲ್ಲ. ವಾಕಿಂಗ್ ಹೋಗುವವರು, ಜಿಮ್ಮಿಗೆ ಹೋಗುವವರು ಹೆದರಬೇಕಾದದ್ದೇನೂ ಇಲ್ಲ. ವ್ಯಾಯಾಮ ಉಳಿಸುವ ಜೀವಗಳ ಮುಂದೆ ಇದು ಎಲ್ಲೋ ಒಂದು ಮೂಲೆ. ಕಾಯಿಲೆಗೆ ಸಂಬಂಧಿಸಿದ ಜೀನುಗಳಲ್ಲಿ ಮೊದಲನೆಯದಾದ ಎಸ್‌ಒಡಿ1 ಸಿಕ್ಕಿದ್ದು 1993ರಲ್ಲಿ; ಅದಕ್ಕಿಂತ ಹೆಚ್ಚಿನ ಕುಟುಂಬಗಳಲ್ಲಿ ಕಾಣುವ ಸಿ9ಓಆರ್‌ಎಫ್72 ಸಿಕ್ಕಿದ್ದು 2011ರಲ್ಲಿ, ಓಲ್ಡ್ ಟ್ರಾಫರ್ಡಿನ ಆ ಓಟದ ವರ್ಷವೇ. ಹತ್ತರಲ್ಲಿ ಒಂಬತ್ತು ರೋಗಿಗಳ ಮನೆತನದಲ್ಲಿ ಮಾತ್ರ ಕಾಯಿಲೆಯ ಇತಿಹಾಸವೇ ಇರುವುದಿಲ್ಲ. ಇಷ್ಟೆಲ್ಲ ಸೇರಿದರೂ ಒಬ್ಬ ಮನುಷ್ಯನ ಎದುರು ನಿಂತು, ನಿಮಗೆ ಬಂದದ್ದು ಇದರಿಂದ ಎಂದು ಬೆರಳು ಮಾಡಲು ಯಾವ ವೈದ್ಯರಿಗೂ ಆಗದು. ಸಾವಿರ ಜನರ ಬಗ್ಗೆ ಹೇಳಬಹುದಾದದ್ದನ್ನು ಒಬ್ಬನ ಮೇಲೆ ಹೊರಿಸಬಾರದು.

ಕೈಕಾಲಿನ ಸ್ನಾಯು ಸೊರಗಿದ್ದೆಲ್ಲ ಇದೇ ಕಾಯಿಲೆಯೂ ಅಲ್ಲ. ಇದನ್ನು ನಾವು ಕನ್ನಡಿಗರು ತಿಳಿದಿರಬೇಕು, ಯಾಕೆಂದರೆ ಅದನ್ನು ವಿಂಗಡಿಸಿ ಹೇಳಿದ ಕೆಲಸ ನಡೆದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಒಂದು ಗುಂಪಿನ ರೋಗಿಗಳನ್ನು ವಿವರಿಸಿದರು. ಹೆಚ್ಚಿನವರು ಎಳೆಯ ಗಂಡಸರು. ಒಂದೇ ಕೈ ಅಥವಾ ಒಂದೇ ಕಾಲು ಸೊರಗುತ್ತದೆ. ಕೆಲವು ವರ್ಷ ಮುಂದುವರಿದು ಅಲ್ಲಿಗೇ ನಿಲ್ಲುತ್ತದೆ. ಜೀವಕ್ಕೆ ಅಪಾಯವಿಲ್ಲ. ಅದಕ್ಕೆ ಅವರು ಕೊಟ್ಟ ಹೆಸರು ಮೊನೊಮೆಲಿಕ್ ಅಮಯೋಟ್ರಫಿ. ಸೊರಗಿದ ಕೈ ಹಿಡಿದು ಗಾಬರಿಯಿಂದ ಬಂದ ಇಪ್ಪತ್ತರ ಹುಡುಗನಿಗೆ ಈ ವಿಂಗಡಣೆ ಎಷ್ಟು ದೊಡ್ಡದು ಎಂದು ಯೋಚಿಸಿ.

ರಾಬ್ ಅವರದ್ದು ನಿಲ್ಲುವ ಬಗೆಯಾಗಿರಲಿಲ್ಲ. ಮಾತು ಮೊದಲು ಹೋಯಿತು. ಕೈ, ಕಾಲು, ನುಂಗುವ ಶಕ್ತಿ, ಉಸಿರು ಒಂದೊಂದಾಗಿ. ಪತ್ನಿ ಲಿಂಡ್ಸೆ ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಎತ್ತಿ ಕೂರಿಸುವುದು, ಉಣಿಸುವುದು, ಮೂರು ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲದರ ನಡುವೆ ಕೆಲಸವನ್ನೂ ಬಿಡಲಿಲ್ಲ. ಔಷಧಿ ಎಂದರೆ 1995ರಲ್ಲಿ ಬಂದ ರಿಲುಜೋಲ್. ಅದು ಕೆಲವು ತಿಂಗಳು ಕೂಡಿಸುತ್ತದೆ. ಎಸ್‌ಒಡಿ1 ಜೀನಿನ ದೋಷವಿರುವವರಿಗಾಗಿ ಟೋಫರ್ಸೆನ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆನ್ನುಹುರಿಯ ದ್ರವಕ್ಕೆ ಸೂಜಿಯಿಂದ ಕೊಡುವ ಆ ಔಷಧಿ ಕೆಟ್ಟ ಪ್ರೋಟೀನ್ ತಯಾರಾಗುವ ಮೊದಲೇ ಅದರ ಅಚ್ಚನ್ನು ಅಳಿಸುತ್ತದೆ. ನೂರರಲ್ಲಿ ಇಬ್ಬರು ರೋಗಿಗಳಿಗಷ್ಟೇ ಅದು ಅನ್ವಯ. ಆದರೂ ಈ ಕಾಯಿಲೆಯ ಮೂಲಕ್ಕೇ ಕೈ ಹಾಕಿದ ಮೊದಲ ಔಷಧಿ ಎಂಬ ಕಾರಣಕ್ಕೆ, ಆ ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿತ್ತು.

ಈ ಹಂತದಲ್ಲಿ ಕೆವಿನ್ ಸಿನ್‌ಫೀಲ್ಡ್ ಬರುತ್ತಾರೆ. ಲೀಡ್ಸ್ ತಂಡದಲ್ಲಿ ವರ್ಷಗಟ್ಟಲೆ ರಾಬ್ ಅವರ ನಾಯಕ. 2020ರ ಡಿಸೆಂಬರಿನಲ್ಲಿ, ಗೆಳೆಯನ ಅಂಗಿಯ ಅಂಕಿಯ ನೆನಪಿಗೆ, ಏಳು ದಿನದಲ್ಲಿ ಏಳು ಮ್ಯಾರಥಾನ್ ಓಡಿದರು. ಸಂಗ್ರಹದ ಗುರಿ 77,777 ಪೌಂಡ್ ಎಂದು ಇಟ್ಟುಕೊಂಡಿದ್ದು ಹತ್ತು ಲಕ್ಷ ಪೌಂಡ್ ದಾಟಿತು. ಮರುವರ್ಷ 24 ಗಂಟೆಯಲ್ಲಿ 101 ಮೈಲಿ. ಅದರಾಚೆ ವರ್ಷ ಎಡಿನ್‌ಬರೋದಿಂದ ಮ್ಯಾಂಚೆಸ್ಟರಿಗೆ. 2023ರ ಮೇ 14ರಂದು ರಾಬ್ ಅವರ ಹೆಸರಿನಲ್ಲೇ ಲೀಡ್ಸ್‌ನಲ್ಲಿ ಮ್ಯಾರಥಾನ್ ನಡೆಯಿತು. ಸಿನ್‌ಫೀಲ್ಡ್ ಗೆಳೆಯನ ಗಾಲಿಕುರ್ಚಿಯನ್ನು 42 ಕಿಲೋಮೀಟರ್ ದೂಡಿಕೊಂಡು ಹೆಡಿಂಗ್ಲೆಗೆ ಬಂದರು. ಕೊನೆಯ ಗೆರೆ ಇನ್ನೇನು ಕೆಲವು ಮಾರು ಇದೆ ಎನ್ನುವಾಗ ಕುರ್ಚಿ ನಿಲ್ಲಿಸಿ, ಬಗ್ಗಿ, ರಾಬ್ ಅವರನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡರು. ಸೊರಗಿದ ಮೈ, ಒಬ್ಬ ತಂದೆ ನಿದ್ದೆ ಬಂದ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಗೆರೆ ದಾಟಿದರು. ದಾಟಿ, ಗೆಳೆಯನ ಕೆನ್ನೆಗೆ ಮುತ್ತಿಟ್ಟರು.

ಕಣ್ಣುಗಳು ಮಾತ್ರ ಚುರುಕಾಗಿಯೇ ಇದ್ದವು. ರಾಬ್ ಮಾತಾಡುತ್ತಿದ್ದದ್ದು ಅವುಗಳಿಂದ. ಮುಂದೊಂದು ಪರದೆ, ಕೆಳಗಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೀಳುತ್ತದೆ. ಕಣ್ಣಿನ ಕಪ್ಪು ಗುಡ್ಡೆ ಎಲ್ಲಿದೆ, ಅದರ ಮೇಲಿನ ಬೆಳಕಿನ ಚುಕ್ಕೆ ಎಲ್ಲಿದೆ ಎಂಬುದನ್ನು ಕ್ಯಾಮೆರಾ ನೋಡಿ, ನೋಟ ಯಾವ ಅಕ್ಷರದ ಮೇಲೆ ನಿಂತಿದೆ ಎಂದು ಲೆಕ್ಕ ಹಾಕುತ್ತದೆ. ಒಂದು ಅಕ್ಷರದ ಮೇಲೆ ಸ್ವಲ್ಪ ಹೊತ್ತು ನೋಟ ನಿಂತರೆ ಅದು ಮೂಡುತ್ತದೆ. ಅಕ್ಷರ ಸೇರಿ ಪದ, ಪದ ಸೇರಿ ಮಾತು. ಯಂತ್ರ ಅದನ್ನು ಉಚ್ಚರಿಸುವುದು ಯಾರದ್ದೋ ದನಿಯಲ್ಲಲ್ಲ. ಹಿಂದೆ ಧ್ವನಿಮುದ್ರಣವಾಗಿದ್ದ ರಾಬ್ ಅವರದೇ ಮಾತುಗಳಿಂದ ಕಟ್ಟಿದ, ಯಾರ್ಕ್‌ಷೈರಿನ ಎಳೆತವಿದ್ದ ದನಿಯಲ್ಲಿ. 2022ರ ಡಿಸೆಂಬರಿನಲ್ಲಿ ಬಿಬಿಸಿಯ ಮಕ್ಕಳ ವಾಹಿನಿಯಲ್ಲಿ, ಮಲಗುವ ಹೊತ್ತಿನ ಕಥೆಯೊಂದನ್ನು ಅವರು ಹೀಗೆ ಕಣ್ಣಿನಿಂದ ಓದಿದರು. ಆ ಕಾರ್ಯಕ್ರಮದಲ್ಲಿ ಹಾಗೆ ಕಥೆ ಹೇಳಿದವರಲ್ಲಿ ಅವರೇ ಮೊದಲಿಗರು. ಪರದೆಯ ಮುಂದೆ ಅಲ್ಲಾಡದೆ ಕೂತ ಮೈ, ಅದರಲ್ಲಿ ಎಡದಿಂದ ಬಲಕ್ಕೆ ಓಡುವ ಎರಡು ಕಣ್ಣು. ಎದುರಾಳಿಯ ಭುಜ ಯಾವ ಕಡೆ ಬಾಗಿತು ಎಂದು ಅಳೆದಿದ್ದ ಕಣ್ಣುಗಳೇ ಅವು.

2024ರ ಜೂನ್ 2ರಂದು ರಾಬ್ ತೀರಿಕೊಂಡರು. ವಯಸ್ಸು 41.

ಲೀಡ್ಸ್‌ನ ಸೀಕ್ರಾಫ್ಟ್ ಆಸ್ಪತ್ರೆಯ ಆವರಣದಲ್ಲಿ ಅವರ ಹೆಸರಿನ ಮೋಟಾರ್ ನ್ಯೂರಾನ್ ಕೇಂದ್ರಕ್ಕೆ ಮರುದಿನವೇ ಗುದ್ದಲಿ ಪೂಜೆಯಂಥ ಕಾರ್ಯಕ್ರಮ ನಿಗದಿಯಾಗಿತ್ತು. ನರತಜ್ಞರು, ಉಸಿರಿನ ತಜ್ಞರು, ಆಹಾರ ತಜ್ಞರು, ಮಾತಿನ ಚಿಕಿತ್ಸಕರು ಎಲ್ಲರೂ ಒಂದೇ ಸೂರಿನಡಿ ಸಿಗಬೇಕು. ಎದ್ದು ಕೂರಲೂ ಕಷ್ಟವಾದ ರೋಗಿ ಒಂದೊಂದಕ್ಕೂ ಬೇರೆ ಬೇರೆ ಕಟ್ಟಡಕ್ಕೆ ಅಲೆಯಬಾರದು ಎಂಬುದು ಅದರ ಉದ್ದೇಶ. ಕಾರ್ಯಕ್ರಮ ಮುಂದೂಡುವುದೇ ಎಂದು ಯೋಚಿಸಿದಾಗ ಮನೆಯವರು ಬೇಡವೆಂದರು. ಜೂನ್ 3ರಂದು ಆ ಜಾಗದಲ್ಲಿ ಮೊದಲ ಮಣ್ಣು ಎತ್ತಲಾಯಿತು.